ಅರಗಿನ ಕಂಬ

ಮೇಣದಬತ್ತಿ ಹಿಡಿದು ಅರ್ಧ ನಿಮಿಷವೂ ಆಗಿರಲಿಲ್ಲ, ಕಬ್ಬಿಣದ ಕಂಬ ಬೆವರತೊಡಗಿತು.

ಕಂದು ಬಣ್ಣ ಗುಳ್ಳೆಯೆದ್ದು ಬಿರಿಯಿತು. ಅದರಡಿಯಿಂದ ಕಪ್ಪು ಹನಿಯೊಂದು ಜಾರಿ ಇನ್ಸ್‌ಪೆಕ್ಟರ್ ಜೇಬೆಜ್ ಪಿಲ್ಲಿಂಗನ ಹೆಬ್ಬೆರಳ ಮೇಲೆ ಬಿತ್ತು.

"ಸುಡ್ತಾ ಮಗಾ?" ಎಂದ ಮುದುಕ ಜೋಬ್ ನಟಲ್.

"ಸುಡ್ತು."

"ಕಬ್ಬಿಣ ಆಗಿದ್ರೆ ಕರಗಿ ನಿನ್ ಕೈಗೆ ಬೀಳ್ತಿರಲಿಲ್ಲ."

ಜೋಬ್ ನಲವತ್ತು ವರ್ಷ ಒರ್ಮರಾಡ್ ಎರಕದ ಕಾರ್ಖಾನೆಯಲ್ಲಿ ಅಚ್ಚು ಕಟ್ಟಿದವನು. ಈಗ ಅವನು ಉಸಿರೆಳೆದರೆ ಎದೆಯೊಳಗೆ ಯಾರೋ ಮರಳು ಜರಡಿ ಹಿಡಿದಂತೆ ಸದ್ದು. ಗುಡ್ಡದ ಮೇಲಿನ ಅವನ ಮನೆಯಿಂದ ಈ ಹೊಸ ಚಾಪೆಲ್‌ಗೆ ಅವನನ್ನು ಕೈಹಿಡಿದು ಇಳಿಸಿ ತರಲು ಪಿಲ್ಲಿಂಗ್‌ಗೆ ಒಂದು ಗಂಟೆ ಹಿಡಿದಿತ್ತು.

ಮೂರು ವಾರದ ಹಿಂದೆ ಇದೇ ಚಾಪೆಲ್‌ನ ಸಾರುವೆಯಿಂದ ಬಿದ್ದು ಸತ್ತ ಕಟ್ಟಡದ ಮೇಲ್ವಿಚಾರಕ ಆಮೋಸ್ ಹೇಯ್ಸ್‌ನ ಜೇಬಿನಲ್ಲಿ ಒಂದು ಬೈರಿಗೆ ಸಿಕ್ಕಿತ್ತು. ಅದರ ಸುರುಳಿಯಲ್ಲಿ ಕಬ್ಬಿಣದ ಸಿಬಿರು. ಮರಣ ವಿಚಾರಣೆಯ ಪಂಚರು 'ಆಕಸ್ಮಿಕ' ಎಂದು ಬರೆದು ಊಟಕ್ಕೆ ಎದ್ದಿದ್ದರು. ಹೇಯ್ಸ್ ಕಬ್ಬಿಣವನ್ನೇಕೆ ಕೊರೆದ, ಎಲ್ಲಿ ಕೊರೆದ ಎಂದು ಯಾರೂ ಕೇಳಿರಲಿಲ್ಲ.

ಪಿಲ್ಲಿಂಗ್ ಕೇಳಿದ್ದ. ಉತ್ತರ ಈಗ ಅವನ ಹೆಬ್ಬೆರಳ ಮೇಲೆ ಆರುತ್ತಿತ್ತು.

ಜೋಬ್ ಆ ಹನಿಯನ್ನು ಉಗುರಿನಿಂದ ಕಿತ್ತು ಮೂಗಿಗೆ ಹಿಡಿದ.

"ಜೇನುಮೇಣ, ರಾಳ, ಕಬ್ಬಿಣದ ಪುಡಿ, ದೀಪದ ಮಸಿ. ನಾವು ಇದಕ್ಕೆ 'ಮೊಟ್ಟೆ' ಅಂತಿದ್ವಿ. ಎರಕದಲ್ಲಿ ಗಾಳಿ ಸೇರ್ಕೊಂಡು ತೂತು ಬಿದ್ರೆ, ಇದನ್ನ ಕಾಸಿ ತುಂಬಿ, ಕಲ್ಲಲ್ಲಿ ಉಜ್ಜೋದು. ಮೇಲೆ ಬಣ್ಣ ಹೊಡೆದ್ರೆ ದೇವರಿಗೂ ಕಾಣಲ್ಲ."

"ನೀನೂ ತುಂಬಿದ್ಯಾ?"

"ನನ್ನ ಕೈಯಲ್ಲಿ ತುಂಬಿಸದೆ ಯಾರು ಸಂಬಳ ಕೊಡ್ತಿದ್ರು? ಹಿಂದ್ಗಡೆ ಹಿಡಿ ಬತ್ತೀನ. ಗೋಡೆ ಕಡೆ. ಅಲ್ಲಿ ಬಣ್ಣ ಸ್ವಲ್ಪ ಹೊಳೀತಿದೆ, ಹೊಸದು."

ಕಂಬದ ಹಿಂಭಾಗದಲ್ಲಿ, ಎದೆಯೆತ್ತರದಲ್ಲಿ, ಕಾಸಿನಗಲದ ಜಾಗವೊಂದು ಉಳಿದ ಬಣ್ಣಕ್ಕಿಂತ ಹೊಸದಾಗಿತ್ತು. ಪಿಲ್ಲಿಂಗ್ ಬತ್ತಿ ಹಿಡಿದ. ಇಲ್ಲಿಯೂ ಕಪ್ಪು ಕರಗಿತು. ಆದರೆ ಇದು ಹನಿಯಾಗಿ ಬೀಳದೆ ದಾರದಂತೆ ಎಳೆದುಕೊಂಡಿತು. ಬಿಟ್ಟುಹೋದ ತೂತು ಗಾಳಿ ಮಾಡಿದ್ದಲ್ಲ. ಬೈರಿಗೆ ಕೊರೆದ ಗುಂಡನೆಯ ತೂತು.

ಜೋಬ್ ಮತ್ತೆ ಮೂಸಿದ. ತಲೆಯಾಡಿಸಿದ.

"ಇದು ನಮ್ಮ ಮೊಟ್ಟೆ ಅಲ್ಲ. ಇದ್ರಲ್ಲಿ ಕಬ್ಬಿಣ ಇಲ್ಲ. ಇದು ಕಾಗದಕ್ಕೆ ಮುದ್ರೆ ಒತ್ತೋ ಅರಗು."

"ಅರಗು ಕೆಂಪಗಿರುತ್ತಲ್ಲ?"

"ಕರಿ ಅರಗು ನೋಡಿಲ್ವಾ ನೀನು?"

ಪಿಲ್ಲಿಂಗ್ ನೋಡಿದ್ದ. ಎಲ್ಲಿ ಎಂಬುದು ಈಗ ಹೊಳೆಯಿತು.

ಜೋಬ್ ತನ್ನ ಕೋಟಿನಿಂದ ತುದಿ ಬಾಗಿಸಿದ ತಂತಿಯೊಂದನ್ನು ತೆಗೆದು ತೂತಿನೊಳಕ್ಕೆ ತೂರಿಸಿ, ಒಳಗಿನ ಅಂಚಿಗೆ ಸಿಕ್ಕಿಸಿ, ಉಗುರಿನಿಂದ ಗುರುತು ಹಿಡಿದು ಹೊರಗೆಳೆದ. ಅಳತೆ ನೋಡಿದ. ಇನ್ನೊಮ್ಮೆ ತೂರಿಸಿ ನೋಡಿದ.

"ಎಷ್ಟು?"

"ಇದು ಪೊಳ್ಳು ಕಂಬ ಮಗಾ. ಸುತ್ತ ಒಂದಂಗುಲ ದಪ್ಪ ಇರ್ಬೇಕು. ಎರಕ ಹೊಯ್ಯೋವಾಗ ಒಳಗಿನ ಅಚ್ಚು ಸರಿದಿದೆ. ಆ ಕಡೆ ಒಂದೂಮುಕ್ಕಾಲು ಅಂಗುಲ ಇರ್ಬೋದು. ಈ ಕಡೆ ಕಾಲು ಅಂಗುಲ."

"ನಾಳೆ ಪ್ರಸಂಗದ ಭಾನುವಾರ, ವರ್ಷದ ದೊಡ್ಡ ಆರಾಧನೆ. ಮೇಲೆ ಗ್ಯಾಲರಿಯಲ್ಲಿ ನಾನೂರು ಜನ ಹಾಡೋಕೆ ಕೂರ್ತಾರೆ."

"ಕೂತ್ರೆ ಏನೂ ಆಗ್ದೇ ಇರ್ಬೋದು. ಎದ್ದು ಕೂತು ಮಾಡಿದ್ರೆ, ಒಂದೇ ಕಡೆ ಸರಿದ್ರೆ, ಹೇಳೋಕಾಗಲ್ಲ. ಎರಕದ ಕಬ್ಬಿಣ ಬಾಗಲ್ಲ, ಬಿರುಕು ಬಿಟ್ಟು ಎಚ್ಚರಿಕೆ ಕೊಡಲ್ಲ. ಇರೋ ತನಕ ಇರುತ್ತೆ, ಆಮೇಲೆ ಇರಲ್ಲ."

ಅಷ್ಟರಲ್ಲಿ ಮೇಲಿಂದ ಹೆಂಗಸರ ನಗು ಕೇಳಿತು. ಐದಾರು ಜನ ಮೂರು ಗೋಡೆಗೂ ಸುತ್ತಿಬಂದ ಗ್ಯಾಲರಿಯ ಕಟಕಟೆಗೆ ಬಿಳಿ ಹೂವಿನ ಹಾರ ಕಟ್ಟುತ್ತಿದ್ದರು. ಅವರಲ್ಲೊಬ್ಬಳು ಬಗ್ಗಿ ನೋಡಿದಳು. ಪಿಲ್ಲಿಂಗನ ಹೆಂಡತಿ ಕೆಜಾಯ.

"ರೀ, ಚಾಪೆಲ್‌ಗೆ ಬೆಂಕಿ ಹಚ್ಚೋದಿದ್ರೆ ಸೋಮವಾರ ಹಚ್ಚಿ. ಇಲ್ಲಿ ಹೂ ಕಟ್ಟಿ ಕಟ್ಟಿ ಬೆರಳು ಸವೆದಿದೆ."

"ಕೆಳಗಿಳಿದು ಬಾ," ಎಂದ ಪಿಲ್ಲಿಂಗ್.

"ಈ ಹಾರ ಮುಗೀಲಿ."

"ಈಗಲೇ ಇಳಿ ಕೆಜಾಯ. ಎಲ್ಲರೂ ಇಳೀರಿ. ಒಬ್ಬೊಬ್ಬರಾಗಿ."

ಅವನ ದನಿಯಲ್ಲಿ ಏನಿತ್ತೋ, ನಗು ನಿಂತಿತು. ಜೋಬ್ ಅವನ ತೋಳು ಹಿಡಿದು ಪಿಸುಗುಟ್ಟಿದ. "ಕೂಗ್ಬೇಡ ಮಗಾ. ನಾಳೆಯೂ ಅಷ್ಟೆ, ಸತ್ರೂ ಕೂಗ್ಬೇಡ. ಮೇಲಕ್ಕೆ ಇರೋದು ಒಂದೇ ಮೆಟ್ಟಿಲು, ಅದೂ ಈ ಕಂಬದ ಕಡೆಗೇ ಇದೆ. ಜನ ಹೆದರಿ ಓಡಿದ್ರೆ ಎಲ್ರೂ ಇದ್ರ ಮೇಲೇ ಬರ್ತಾರೆ."

*

ಹೆಂಗಸರು ಇಳಿಯುವಷ್ಟರಲ್ಲಿ ಮುಂಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು.

ಮುಂದೆ ಬಂದವನು ಹಿರಾಮ್ ಒರ್ಮರಾಡ್. ಎರಕದ ಕಾರ್ಖಾನೆ ಅವನದು. ಈ ಚಾಪೆಲ್‌ನ ಧರ್ಮದರ್ಶಿಗಳಲ್ಲಿ ಹಿರಿಯ ಅವನು. ನಮ್ಮ ಎಲ್ಲರ್‌ಕ್ಲಫ್‌ನ ಪೊಲೀಸರನ್ನು ನೇಮಿಸುವ, ತೆಗೆಯುವ ನಗರಸಭಾ ಸಮಿತಿಯ ಅಧ್ಯಕ್ಷನೂ ಅವನೇ. ಅವನ ಹಿಂದೆ ವಾಸ್ತುಶಿಲ್ಪಿ ಸೆಪ್ಟಿಮಸ್ ಕ್ರೇವನ್, ಟೋಪಿಗೆ ಸುತ್ತಿದ ಕಪ್ಪು ಪಟ್ಟಿಯೊಂದಿಗೆ. ಫೆಬ್ರವರಿಯಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು.

ನಮ್ಮೂರಿನ ಟೌನ್‌ಹಾಲು, ಆಸ್ಪತ್ರೆ, ಸ್ನಾನಗೃಹ, ಮಾರುಕಟ್ಟೆ, ಎರಡು ಶಾಲೆ ಎಲ್ಲವೂ ಕ್ರೇವನ್‌ನ ಕಾಗದದ ಮೇಲಿಂದ ಎದ್ದವು. ಕೆಂಪು ಇಟ್ಟಿಗೆ, ನಡುವೆ ಹಳದಿ ಇಟ್ಟಿಗೆಯ ಪಟ್ಟಿ, ಕಮಾನಿನ ನೆತ್ತಿಯಲ್ಲಿ ಸುಟ್ಟ ಮಣ್ಣಿನ ಹಣ್ಣಿನ ಗೊಂಚಲು. ನೂಲಿನ ಗಿರಣಿಯ ಹೊಗೆ ಕುಡಿದು ಮೂರೇ ವರ್ಷದಲ್ಲಿ ಎಲ್ಲ ಒಂದೇ ಬಣ್ಣಕ್ಕೆ ಬರುತ್ತವೆ. ಈ ಚಾಪೆಲ್ ಮಾತ್ರ ಇನ್ನೂ ಹೊಸದು. ಬಾಗಿಲ ಮೇಲಿನ '1879' ಎಂಬ ಅಂಕಿಯಲ್ಲಿ ಮಸಿ ಕೂತಿರಲಿಲ್ಲ.

ಒರ್ಮರಾಡ್ ಕಂಬ ನೋಡಿದ, ಬತ್ತಿ ನೋಡಿದ, ಜೋಬ್‌ನ ಮುಖ ನೋಡಿದ.

"ಏನಿದು ಪಿಲ್ಲಿಂಗ್?"

"ಏಳನೇ ಕಂಬ ಸರ್. ಇದ್ರಲ್ಲಿ ಎರಡು ತೂತಿವೆ. ಒಂದನ್ನ ನಿಮ್ಮ ಕಾರ್ಖಾನೆಯಲ್ಲಿ ಮೊಟ್ಟೆ ತುಂಬಿ ಮುಚ್ಚಿದ್ದಾರೆ."

"ಮೊಟ್ಟೆ ಇಲ್ಲದ ಎರಕ ಲ್ಯಾಂಕಶೈರ್‌ನಲ್ಲೇ ಇಲ್ಲ. ನಿನ್ನ ಠಾಣೆಯ ಜಗುಲಿ ಕಂಬ ಕಾಸಿ ನೋಡು. ಅದೂ ಅಳುತ್ತೆ."

"ಇನ್ನೊಂದು ತೂತನ್ನ ಹೇಯ್ಸ್ ಕೊರೆದದ್ದು. ಒಳಗೆ ಕಾಲೇ ಅಂಗುಲ ಕಬ್ಬಿಣ ಇದೆ."

"ಯಾರು ಅಳೆದದ್ದು? ಇವನಾ?" ಒರ್ಮರಾಡ್ ಜೋಬ್ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ಜೋಬ್, ಎದೆ ಹೇಗಿದೆ?"

"ಇದೆ ಯಜಮಾನ್ರೆ."

"ಈ ತಣ್ಣಗಿನ ನೆಲದ ಮೇಲೆ ನಿಂತ್ಕೋಬೇಡ. ಮನೆಗೆ ಹೋಗು."

ಜೋಬ್ ಪಿಲ್ಲಿಂಗನ ಮುಖ ನೋಡಿದ. ನಲವತ್ತು ವರ್ಷದ ಅಭ್ಯಾಸ ಅವನ ಕಾಲುಗಳಲ್ಲಿತ್ತು. ಟೋಪಿ ಎತ್ತಿಕೊಂಡು, ಕಣ್ಣು ತಗ್ಗಿಸಿ, ಹೊರಟುಹೋದ.

"ನಾಳೆಯ ಪ್ರಸಂಗ ನಿಲ್ಲಿಸಿ ಸರ್," ಎಂದ ಪಿಲ್ಲಿಂಗ್. "ಇಲ್ಲಾಂದ್ರೆ ಗ್ಯಾಲರಿನಾದ್ರೂ ಖಾಲಿ ಇಡಿ. ಒಂದು ವಾರ ಕೊಡಿ ಸಾಕು."

"ಪಿಲ್ಲಿಂಗ್, ನನ್ನ ಮೊಮ್ಮಕ್ಕಳು ಮೂರು ಜನ ನಾಳೆ ಆ ಗ್ಯಾಲರಿಯಲ್ಲಿ ಹಾಡ್ತಾರೆ. ಕೊನೇದಕ್ಕೆ ಏಳು ವರ್ಷ. ಕಂಬ ಬೀಳುತ್ತೆ ಅಂತ ಗೊತ್ತಿದ್ದು ಅವರನ್ನ ಅಲ್ಲಿ ಕೂರಿಸ್ತೀನಾ ನಾನು?"

ಮೂರು ವಾರದಿಂದ ಪಿಲ್ಲಿಂಗ್ ಮನಸ್ಸಿನಲ್ಲೇ ಕೈಕೋಳ ತೊಡಿಸಿದ್ದು ಈ ಮನುಷ್ಯನಿಗೆ. ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ.

"ಇಲ್ಲಿ ತಿಳಿದವರು ಒಬ್ಬರಿದ್ದಾರೆ, ಕೇಳೋಣ," ಎಂದ ಒರ್ಮರಾಡ್. "ಕ್ರೇವನ್, ನೋಡಿ ಹೇಳಿ. ನಿಮ್ಮ ಮಾತೇ ಕೊನೆ."

ಕ್ರೇವನ್ ಕಂಬದ ಹತ್ತಿರ ಬಂದ. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ತೂತಿನ ಕಡೆ ಬಗ್ಗಿದ. ತಂತಿ ಕೇಳಲಿಲ್ಲ. ಬೆರಳು ತಾಗಿಸಲಿಲ್ಲ.

"ಕಂಬ ಗಟ್ಟಿಯಾಗಿದೆ," ಎಂದ.

"ಕೇಳಿದ್ಯಾ?" ಎಂದ ಒರ್ಮರಾಡ್. "ನಾಳೆ ರಾತ್ರಿವರೆಗೆ ನೀನು ರಜೆ ಮೇಲಿದ್ದೀಯ ಪಿಲ್ಲಿಂಗ್. ಸಮವಸ್ತ್ರ ಹಾಕ್ಬೇಡ. ಗ್ಯಾಲರಿ ಮೆಟ್ಟಿಲು ಹತ್ಬೇಡ. ಈ ಮಾತನ್ನ ಊರಲ್ಲಿ ಆಡಿ ಜನರನ್ನ ಹೆದರಿಸಿದ್ರೆ, ಸೋಮವಾರ ನಿನಗೆ ಕೆಲಸ ಇರಲ್ಲ. ಕೆಟ್ಟ ಮನಸ್ಸಿಂದ ಹೇಳ್ತಿಲ್ಲ. ದಣಿದಿದ್ದೀಯ."

ಅವನು ಸಭಾಪಾಲಕರನ್ನು ನೋಡಲು ಒಳಕೋಣೆಗೆ ಹೋದ. ಕ್ರೇವನ್ ಹಿಂಬಾಲಿಸಲು ಹೊರಟ. ಪಿಲ್ಲಿಂಗ್ ಅಡ್ಡ ನಿಂತ.

"ಒಂದು ನಿಮಿಷ ಸ್ವಾಮಿ. ಆ ತೂತು ಮುಚ್ಚಿದ್ದು ಕರಿ ಅರಗಿನಿಂದ. ಸಾವಿನ ಮನೆಯವರು ಬಿಟ್ರೆ ಕರಿ ಅರಗಿನಲ್ಲಿ ಯಾರು ಮುದ್ರೆ ಒತ್ತುತ್ತಾರೆ? ಫೆಬ್ರವರಿಯಿಂದ ನಿಮ್ಮ ಕಚೇರಿಯ ಪ್ರತಿ ಕಾಗದಕ್ಕೂ ಅದೇ. ಎರಡು ನನ್ನ ಮೇಜಿನ ಮೇಲಿವೆ."

ಕ್ರೇವನ್ ಟೋಪಿಯ ಕಪ್ಪು ಪಟ್ಟಿಯ ಮೇಲೆ ಬೆರಳೆಳೆದ.

"ಮುಚ್ಚಿದ್ದು ನಾನೇ," ಎಂದ.

"ಹೇಯ್ಸ್ ನಿಮ್ಮೆದುರೇ ಕೊರೆದನಾ?"

"ನನ್ನೆದುರೇ. ಆಮೇಲೆ, ಚಾವಣಿ ಹತ್ತಿರವೂ ಕೊರೆದು ನೋಡ್ಬೇಕು, ಬನ್ನಿ ಅಂದ. ಸಾರುವೆ ಹತ್ತಿದ್ವಿ. ಅಲ್ಲಿ ಮಾತಿಗೆ ಮಾತು ಬೆಳೀತು. ನಾನು ಅವನನ್ನ ತಳ್ಳಲಿಲ್ಲ ಇನ್ಸ್‌ಪೆಕ್ಟ್ರೇ."

"ಮೇಲೆ ಯಾರ್ಯಾರಿದ್ರಿ?"

"ಅವನು. ನಾನು."

"ಗಟ್ಟಿಯಾಗಿದೆ ಅಂತ ಯಾಕೆ ಹೇಳಿದ್ರಿ ಈಗ?"

"ಲೆಕ್ಕ ಹಾಕಿದ್ದೀನಿ. ಕಾಗದದ ಮೇಲೆ ಅದು ತಡ್ಕೊಳ್ಳುತ್ತೆ." ಕ್ರೇವನ್ ಒಳಕೋಣೆಯ ಬಾಗಿಲ ಕಡೆ ನೋಡಿದ. "ಇದೊಂದೇ ಕಂಬ ಅಂದ್ಕೊಂಡ್ರಾ? ಹನ್ನೊಂದು ವರ್ಷದಿಂದ ಅದೇ ಕಾರ್ಖಾನೆಯ ಕಂಬಗಳನ್ನ ನಿಲ್ಲಿಸಿದ್ದೀನಿ. ಆಸ್ಪತ್ರೆಯ ಹೆಂಗಸರ ವಾರ್ಡಿನ ಕೆಳಗೆ ಹದಿನಾಲ್ಕಿವೆ. ಇದು ಕೆಟ್ಟದು ಅಂದ್ರೆ ಅವೂ ಕೆಟ್ಟವೇ. ಊರಲ್ಲಿ ಜನ ಎಲ್ಲಿ ಮಲಗ್ಬೇಕು, ಎಲ್ಲಿ ಓದ್ಬೇಕು?"

"ನನಗೆ ಗೊತ್ತಿಲ್ಲ ಸ್ವಾಮಿ. ನಾಳೆ ಬೆಳಿಗ್ಗೆ ನಾನೂರು ಜನ ಎಲ್ಲಿ ಕೂರ್ತಾರೆ ಅನ್ನೋದಷ್ಟೇ ನನಗೆ ಗೊತ್ತು. ನನ್ನ ಮಾತು ಯಾರೂ ಕೇಳಲ್ಲ. ನಿಮ್ಮದನ್ನ ಕೇಳ್ತಾರೆ."

"ನಾಳೆ ಹೇಳ್ತೀನಿ," ಎಂದ ಕ್ರೇವನ್. "ಆರಾಧನೆ ಶುರುವಾಗೋ ಮೊದಲು ನಾನೇ ನಿಂತು ಹೇಳ್ತೀನಿ. ಒಂದು ರಾತ್ರಿ ಕೊಡಿ."

ಕೊಡದೆ ಪಿಲ್ಲಿಂಗ್ ಮಾಡುವುದೇನಿತ್ತು? ಅವನ ಕೈಯಲ್ಲಿ ಅರ್ಧ ಸುಟ್ಟ ಮೇಣದಬತ್ತಿ ಒಂದೇ ಇತ್ತು.

*

ಸಂಜೆಯ ಟೀಗೆ ಕೆಜಾಯ ಓಟ್ಸ್ ರೊಟ್ಟಿ ಬಿಸಿ ಮಾಡಿದ್ದಳು. ಪಿಲ್ಲಿಂಗ್ ಮುಟ್ಟಲಿಲ್ಲ. ನಡೆದದ್ದನ್ನು ಹೇಳಿದ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

"ನಾಳೆ ನೀನು ಹೋಗ್ಬೇಡ," ಎಂದ.

"ನಾನೊಬ್ಬಳು ಹೋಗ್ದಿದ್ರೆ ಕಂಬಕ್ಕೆ ಬಲ ಬರುತ್ತಾ?"

"ತಲೆನೋವು ಅನ್ನು."

"ನನ್ನ ಎಡಗಡೆ ಕೂರೋದು ಬೇಕರಿಯ ಮಾರ್ಥಾ. ಬಲಗಡೆ ಅವಳ ನಾದಿನಿ. ಅವರಿಗೆ ಏನು ಹೇಳ್ಲಿ? ನಿಮ್ಮ ಗಂಡಂದಿರು ಪೊಲೀಸಲ್ಲ, ನೀವು ಹೋಗಿ ಕೂತ್ಕೊಳ್ಳಿ ಅಂತ್ಲಾ?"

"ಕೆಜಾಯ."

"ಬೀಳೋದು ಖಂಡಿತಾನಾ? ಅದನ್ನ ಹೇಳಿ ಮೊದಲು."

ಖಂಡಿತ ಎಂದರೆ ಸುಳ್ಳಾಗುತ್ತಿತ್ತು. ಇಲ್ಲ ಎಂದರೂ ಸುಳ್ಳೇ.

"ಕ್ರೇವನ್ ನಿಜವಾಗ್ಲೂ ಹೇಳ್ತಾರಾ ನಾಳೆ?" ಎಂದು ಅವಳು ಕೇಳಿದಳು. "ಎಲ್ಲಾನೂ?"

"ಹೇಳ್ತೀನಿ ಅಂದ್ರು."

ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಎರಡು ತಟ್ಟೆ, ಎರಡು ಕಪ್ಪು ತೊಳೆಯಲು ಅಷ್ಟು ನೀರು ಬೇಕಿರಲಿಲ್ಲ.

*

ಬೆಳಿಗ್ಗೆ ಹತ್ತೂಕಾಲಿಗೆ ಬ್ಯಾಂಡಿನವರು ಬೀದಿ ಸುತ್ತಿ ಬಂದು ಬಾಗಿಲಲ್ಲಿ ನಿಂತರು. ಬಿಳಿ ಫ್ರಾಕಿನ ಹುಡುಗಿಯರು ಎರಡೆರಡಾಗಿ ಮೆಟ್ಟಿಲು ಹತ್ತಿದರು. ಅವರ ಹಿಂದೆ ಹೆಂಗಸರು, ಆಮೇಲೆ ಗಂಡಸರು. ಗಿರಣಿಯಲ್ಲಿ ವಾರವಿಡೀ ಒಬ್ಬರ ಮಾತು ಒಬ್ಬರಿಗೆ ಕೇಳದ ಜನ, ಇವತ್ತು ಒಂದೇ ದನಿಯಲ್ಲಿ ಹಾಡಲು ಆರು ವಾರ ಕಲಿತಿದ್ದರು.

ಪಿಲ್ಲಿಂಗ್ ಕರಿ ಕೋಟು ಹಾಕಿಕೊಂಡು ಏಳನೇ ಕಂಬದ ಪಕ್ಕ ನಿಂತಿದ್ದ. ಮೆಟ್ಟಿಲ ಬುಡದಲ್ಲಿ ಕಾರ್ಖಾನೆಯ ಇಬ್ಬರು ದಾಂಡಿಗರು ಬಾಗಿಲು ಕಾಯುವ ನೆಪದಲ್ಲಿ ನಿಂತಿದ್ದರು.

"ನಮಸ್ಕಾರ ಇನ್ಸ್‌ಪೆಕ್ಟ್ರೇ. ತಪ್ಪು ತಿಳೀಬೇಡಿ," ಎಂದ ಒಬ್ಬ.

"ನಿನ್ನವರು ಯಾರಾದ್ರೂ ಮೇಲಿದ್ದಾರಾ?"

"ಹೆಂಡ್ತಿ ಇದ್ದಾಳೆ. ಯಾಕೆ?"

ಪಿಲ್ಲಿಂಗ್ ಬಾಯಿ ತೆರೆದ. ಜೋಬ್‌ನ ಮಾತು ನೆನಪಾಯಿತು. ಬಾಯಿ ಮುಚ್ಚಿದ.

ಕ್ರೇವನ್‌ನ ಜಾಗ ಮುಂದಿನ ಸಾಲಿನಲ್ಲಿ ಖಾಲಿಯಿತ್ತು. ಹತ್ತೂವರೆಯಾಯಿತು. ಸಭಾಪಾಲಕರು ಪೀಠ ಹತ್ತಿದರು. ಆರ್ಗನ್ ಮೊದಲ ಸ್ವರ ಹಿಡಿಯಿತು. ಜಾಗ ಖಾಲಿಯೇ ಇತ್ತು.

ಆಗ ಕ್ರೇವನ್ ಬಂದ. ಕ್ಷೌರ ಮಾಡಿಸಿ, ಶುಭ್ರವಾದ ಕಾಲರು ತೊಟ್ಟು, ಕೈಯಲ್ಲಿ ಟೋಪಿ ಹಿಡಿದು ಬಂದವನು ಪೀಠದ ಕಡೆಗೂ ಹೋಗಲಿಲ್ಲ, ಮುಂದಿನ ಸಾಲಿಗೂ ಹೋಗಲಿಲ್ಲ. ಪಿಲ್ಲಿಂಗನ ಮುಖ ನೋಡದೆ ಅವನ ಪಕ್ಕದಲ್ಲೇ ಹಾದು ಗ್ಯಾಲರಿಯ ಮೆಟ್ಟಿಲು ಹತ್ತಿದ. ದಾಂಡಿಗರು ಟೋಪಿ ಮುಟ್ಟಿ ದಾರಿಬಿಟ್ಟರು. ಪಿಲ್ಲಿಂಗ್ ಹಿಂಬಾಲಿಸಲು ಹೋದಾಗ ಅವನೆದೆಗೆ ಒಂದು ಅಗಲವಾದ ಅಂಗೈ ಅಡ್ಡ ಬಂತು.

"ಬೇಡ ಇನ್ಸ್‌ಪೆಕ್ಟ್ರೇ."

ಪಿಲ್ಲಿಂಗ್ ಕಂಬಗಳ ನಡುವಿನಿಂದ ಮುಂದಕ್ಕೆ ಬಂದು ಕತ್ತೆತ್ತಿದ. ಕ್ರೇವನ್ ಕಟಕಟೆಯ ಅಂಚಿನಲ್ಲಿ, ಏಳನೇ ಕಂಬದ ನೇರ ಮೇಲೆ, ಹಾಡುವವರ ನಡುವೆ ಜಾಗ ಮಾಡಿಸಿಕೊಂಡು ಕುಳಿತಿದ್ದ. ಅವನ ಹಿಂದಿನ ಸಾಲಿನಲ್ಲಿ ಕೆಜಾಯ ಪುಸ್ತಕ ತೆರೆದು ಹಿಡಿದಿದ್ದಳು.

"ಎಲ್ಲರೂ ಎದ್ದು ನಿಂತು ಕೀರ್ತನೆ ಹಾಡೋಣ," ಎಂದರು ಸಭಾಪಾಲಕರು.

ನಾನೂರು ಜನ ಎದ್ದರು.

ಪಿಲ್ಲಿಂಗ್ ಕಣ್ಣು ಮುಚ್ಚಿದ. ಹಲಗೆಗಳು ನರಳಿದವು. ಹಾಡು ಬಂತು, ತುಂಬಿ ಬಂತು. ಮೊದಲ ಚರಣ ಮುಗಿಯಿತು, ಎರಡನೆಯದೂ ಮುಗಿಯಿತು. ಅವನು ಕಣ್ಣು ತೆರೆದಾಗ ಕಂಬ ನಿಂತಿತ್ತು. ಕೆಳಸಾಲಿನಲ್ಲಿ ಒರ್ಮರಾಡ್ ಹಿಂತಿರುಗಿ ಅವನತ್ತ ನೋಡಿ, ಮಗುವನ್ನು ಸಮಾಧಾನ ಮಾಡುವಂತೆ ತಲೆಯಾಡಿಸಿದ.

ಜೋಬ್‌ನ ತಂತಿ ತಪ್ಪು ಅಳೆದಿರಬಹುದು. ಕ್ರೇವನ್‌ನ ಕಾಗದವೇ ಸರಿ ಇರಬಹುದು. ಎಷ್ಟೋ ದಿನದ ಮೇಲೆ ಪಿಲ್ಲಿಂಗ್‌ಗೆ ಹಸಿವಾಯಿತು.

ಹಾಡು ಮುಗಿದು ಎಲ್ಲರೂ ಕುಳಿತರು. ಒಬ್ಬ ಮಾತ್ರ ಕುಳಿತುಕೊಳ್ಳಲಿಲ್ಲ.

"ನಾನು ಸೆಪ್ಟಿಮಸ್ ಕ್ರೇವನ್," ಎಂದು ಮೇಲಿಂದ ಮುದಿದನಿ ಬಂತು. ಅವನು ಕಟಕಟೆಯನ್ನು ಎರಡೂ ಕೈಯಿಂದ ಹಿಡಿದಿದ್ದ. "ಈ ಚಾಪೆಲ್‌ನ ನಕ್ಷೆ ಬರೆದವನು. ಆಮೋಸ್ ಹೇಯ್ಸ್ ಸತ್ತದ್ದರ ಬಗ್ಗೆ ಒಂದು ಮಾತು ಹೇಳೋದಿದೆ."

"ಕೂತ್ಕೊಳ್ಳಿ ಕ್ರೇವನ್," ಎಂದ ಒರ್ಮರಾಡ್ ಕೆಳಗಿನಿಂದ.

"ಆ ದಿನ ಸಾರುವೆ ಮೇಲೆ ಇದ್ದದ್ದು ಇಬ್ಬರೇ ಅಂತ ನಿನ್ನೆ ಇನ್ಸ್‌ಪೆಕ್ಟರಿಗೆ ಹೇಳಿದೆ. ಅದು ಸುಳ್ಳು. ನಾವು ಮೂರು ಜನ ಇದ್ವಿ."

ಪಿಲ್ಲಿಂಗ್ ಒರ್ಮರಾಡ್‌ನತ್ತ ನೋಡಿದ. ಒರ್ಮರಾಡ್‌ನ ಮುಖದಲ್ಲಿ ಗೊಂದಲ ಬಿಟ್ಟು ಬೇರೇನೂ ಇರಲಿಲ್ಲ. ಅವನೂ ಯಾರು ಎಂದು ಕಾಯುತ್ತಿದ್ದ.

ಕ್ರೇವನ್ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಅವನ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತು, ಪುಸ್ತಕವನ್ನು ಮುಚ್ಚಿ ಬೆಂಚಿನ ಮೇಲಿಟ್ಟಳು.

"ಮೂರನೆಯವಳು ನಾನು," ಎಂದಳು ಕೆಜಾಯ. "ಹಾರಕ್ಕೆ ಅಳತೆ ತಗೊಳ್ಳೋಕೆ ಹತ್ತಿದ್ದೆ."

ಅವಳು ಗಂಡನತ್ತ ನೋಡಲಿಲ್ಲ.

ಎದುರು ಬದಿಯ ಗ್ಯಾಲರಿಯಲ್ಲಿ ಒಬ್ಬರು ಎದ್ದರು, ಮಾತಾಡಿದವಳು ಯಾರೆಂದು ನೋಡಲು. ಇನ್ನೊಬ್ಬರು ಎದ್ದರು. ಹಿಂದಿನ ಸಾಲಿನವರು ಕಾಣದೆ ಮುಂದಕ್ಕೆ ಬಂದರು. ಆ ಬದಿಯವರು ಈ ಬದಿಗೆ, ಮೇಲಿನ ಸಾಲಿನವರು ಕಟಕಟೆಗೆ, ಕೆಜಾಯಳ ಸುತ್ತ, ಕ್ರೇವನ್‌ನ ಸುತ್ತ.

"ಕೂತ್ಕೊಳ್ಳಿ," ಎಂದ ಪಿಲ್ಲಿಂಗ್. ಯಾರಿಗೂ ಕೇಳಲಿಲ್ಲ. ಕೂಗಿದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಹೆಂಡತಿಯ ಮುಖ ಜನರ ನಡುವೆ ಮರೆಯಾಯಿತು. ತಲೆಯ ಮೇಲೆ, ಒಂದರ ಹಿಂದೆ ಒಂದು, ನೂರಾರು ಜೋಡಿ ಬೂಟುಗಳು ಈ ಕಡೆಗೆ ನಡೆದು ಬರುತ್ತಿದ್ದವು. ಪಿಲ್ಲಿಂಗ್ ತಿರುಗಿ ಓಡಿ, ಎರಡೂ ಅಂಗೈಗಳನ್ನು ಏಳನೇ ಕಂಬಕ್ಕೆ ಒತ್ತಿ, ಬಿರುಗಾಳಿಯಲ್ಲಿ ಬಾಗಿಲು ಹಿಡಿದವನಂತೆ ಕಾಲೂರಿ ನಿಂತ.